ಅಂಚೆಚೀಟಿ ಏರಿದ ಕರಿಬೆಕ್ಕು



ಆಯುಧಪೂಜೆಯ ಮರುದಿನ ಪೆರಂಬೂರಿನ ಬೀದಿಯಲ್ಲಿ ಕಾಲಿಡಲು ಜಾಗ ಹುಡುಕಬೇಕು. ಅಂಗಡಿ, ಗ್ಯಾರೇಜುಗಳ ಮುಂದೆಲ್ಲ ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳು! 1955ರಿಂದ ರೈಲು ಬೋಗಿ ತಯಾರಿಸುತ್ತಿರುವ ಐಸಿಎಫ್ ಇರುವ ಈ ಯಂತ್ರದ ಊರಿಗೂ ದೃಷ್ಟಿಯ ಭಯ ತಪ್ಪಿಲ್ಲ. ಇಂಥ ನಂಬಿಕೆಗಳು ಬೀದಿಯಲ್ಲೇ ಉಳಿಯದೆ ಸರ್ಕಾರಗಳು ಅಚ್ಚುಹಾಕುವ ಅಂಚೆಚೀಟಿಯನ್ನೂ ಏರಿವೆ, ಗೊತ್ತೇ?

1991ರ ಫೆಬ್ರವರಿಯಲ್ಲಿ ಬ್ರಿಟನ್ ಶುಭ ಹಾರೈಕೆಯ ಹತ್ತು ಚೀಟಿಗಳನ್ನು ತಂದಿತು. ನಾಲ್ಕೆಲೆಯ ಸೊಪ್ಪು, ಕಾಮನಬಿಲ್ಲಿನ ತುದಿಯ ಹೊನ್ನಿನ ಕೊಡ, ಕಾಸು ಎಸೆದು ಹರಕೆ ಹೊರುವ ಬಾವಿ, ಜೊತೆಗೊಂದು ಕರಿಬೆಕ್ಕು! ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ಕೂತು ಹೊರಡುತ್ತೇವೆ. ಅಲ್ಲಿ ಅದೇ ಅದೃಷ್ಟ. ಬೆಕ್ಕು ಒಂದೇ, ಫಲ ಮಾತ್ರ ಊರಿಗೊಂದು. ಭೂತಾನ್ 1966ರಲ್ಲೇ ಹಿಮಮಾನವ ಯೇತಿಯನ್ನು ಚೀಟಿಗೇರಿಸಿತ್ತು.

ನಮ್ಮ ದೇಶ? 1974ರಲ್ಲಿ ಸೂರ್ಯ, ಚಂದ್ರ, ನರಸಿಂಹ, ರಾವಣರ ಮುಖವಾಡಗಳ ನಾಲ್ಕು ಚೀಟಿಗಳು ಬಂದವು. ಮುಖವಾಡ ಬರೀ ಅಲಂಕಾರವಲ್ಲ. ತಂಜಾವೂರಿನ ಮೆಲಟ್ಟೂರು ಭಾಗವತ ಮೇಳದಲ್ಲಿ ನರಸಿಂಹನ ಮುಖವಾಡಕ್ಕೆ ಪೂಜೆಯಿದೆ, ಧರಿಸುವವರು ಉಪವಾಸವಿರುತ್ತಾರೆ. ತುಳುನಾಡಿನಲ್ಲಿ ದೈವದ ಲೋಹದ 'ಮೊಗ'ವನ್ನು ಭಂಡಾರದಲ್ಲಿ ಕಾಪಾಡುತ್ತಾರೆ. ಮುಖವಾಡ ಏರಿದಾಗ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲವೆಂಬುದು ಆ ನಂಬಿಕೆ.

2010ರ ಏಪ್ರಿಲ್ 14ರಂದು ಹನ್ನೆರಡು ರಾಶಿಗಳ ಚೀಟಿಗಳು ಬಿಡುಗಡೆಯಾದವು. ದಿನ ನೋಡಿದಿರಾ? ಸೌರಮಾನ ಯುಗಾದಿ, ತಮಿಳರ ಪುತ್ತಾಂಡು!

ಇಲ್ಲೊಂದು ಪ್ರಶ್ನೆ ಏಳುತ್ತದೆ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ್ದು 1976ರ 42ನೇ ತಿದ್ದುಪಡಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಹಾಗಾದರೆ ಸರ್ಕಾರವೇ ರಾಶಿ ಮಾರಬಹುದೇ?

ಚಿತ್ರ ಹಾಕಿದ ಮಾತ್ರಕ್ಕೆ ನಂಬಿ ಎಂದಂತಲ್ಲ ಅನ್ನಬಹುದು. ಆದರೆ ನಂಬಿಕೆ ಮನುಷ್ಯನ ಮೈಮೇಲೆ, ಮಾನದ ಮೇಲೆ ಬಿದ್ದರೆ ಲೆಕ್ಕವೇ ಬೇರೆ. ಕರ್ನಾಟಕದ 2017ರ ಕಾಯ್ದೆ ಮಡೆಸ್ನಾನದಂಥ ಆಚರಣೆಗಳನ್ನು ನಿಷೇಧಿಸಿತು, ಜ್ಯೋತಿಷ್ಯವನ್ನು ಬಿಟ್ಟಿತು. ಗೆರೆ ಎಳೆದ ಜಾಗ ಸರಿಯೇ ಎಂಬ ಚರ್ಚೆ ಮುಗಿದಿಲ್ಲ. ಬೆಕ್ಕಿಗೆ ಹೆದರಿ ಎರಡು ನಿಮಿಷ ಕಳೆದರೆ ಕಳೆಯಲಿ; ಎಂಜಲೆಲೆಯ ಮೇಲೆ ಉರುಳುವವರ ನೋವನ್ನು ಯಾವ ಅಂಚೆಚೀಟಿಯೂ ಅಂದಗೊಳಿಸಲಾರದು.

ಅಂದಹಾಗೆ, ಮದುವೆ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೇಲೆ ಸರ್ಕಾರದ ಚೀಟಿ ಅಂಟಿಸುತ್ತಿದ್ದವರು ನಾವು. ಹಳೆಯ ಪೆಟ್ಟಿಗೆಯಲ್ಲಿ ಅಂಥದ್ದೊಂದು ಸಿಕ್ಕರೆ ಚೀಟಿ ಕೀಳಬೇಡಿ. ಲಕೋಟೆ ಸಮೇತ ಇಟ್ಟುಕೊಳ್ಳಿ. ಇತಿಹಾಸ ಎರಡರಲ್ಲೂ ಇದೆ.