ವಿಂಡೋಸ್ 11 ಉಚಿತ ಉನ್ನತೀಕರಣ: ಯಾರಿಗೆ ಬೇಕು, ಯಾರಿಗೆ ಬೇಡ?

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, 2021ರ ಅಕ್ಟೋಬರ್ 5ರಂದೇ ಹೊರಬಂದಿದ್ದು, ಅಸಲಿ ಪರವಾನಗಿಯುಳ್ಳ ವಿಂಡೋಸ್ 10 ಬಳಕೆದಾರರಿಗೆ ಉಚಿತವಾಗಿ ದೊರೆಯುತ್ತದೆ. ಬಿಟ್ಟಿ ಸಿಗುವುದನ್ನು ಬಿಡುವುದೇಕೆ ಎಂಬುದು ಒಂದು ವಾದ. ಸರಿಯಾಗಿ ನಡೆಯುತ್ತಿರುವುದನ್ನು ಕೆಡಿಸಿಕೊಳ್ಳುವುದೇಕೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ, ಯಾವುದು ಯಾರಿಗೆ ಅನ್ವಯಿಸುತ್ತದೆ ಎಂಬುದೇ ಪ್ರಶ್ನೆ.

ಬೆಂಗಳೂರಿನ ತಂತ್ರಾಂಶ ಕಚೇರಿಯಲ್ಲಿ ಕುಳಿತವರಿಗೆ ಇದು ದೊಡ್ಡ ಸಮಸ್ಯೆಯಲ್ಲ. ಆದರೆ ಬಳ್ಳಾರಿಯ ಜೀನ್ಸ್ ಉಡುಪು ಘಟಕ, ಸಿರುಗುಪ್ಪದ ಅಕ್ಕಿ ಗಿರಣಿಯ ಲೆಕ್ಕದ ಕೋಣೆ, ಕುರುಗೋಡಿನ ಜೆರಾಕ್ಸ್ ಅಂಗಡಿ ಇಂಥ ಕಡೆಗಳಲ್ಲಿ ಒಂದು ಗಣಕಯಂತ್ರ ಎಂಟು-ಹತ್ತು ವರ್ಷ ದುಡಿಯುವುದು ಸಾಮಾನ್ಯ. ಬಳ್ಳಾರಿ ಸಮೀಪದ ಕೊಳಗಲ್ಲಿನಂಥ ಊರಿನಲ್ಲಿ ಒಂದೇ ಯಂತ್ರವನ್ನಿಟ್ಟುಕೊಂಡು ಪಹಣಿ ಮುದ್ರಣ, ಅರ್ಜಿ ಭರ್ತಿ, ಲಗ್ನಪತ್ರಿಕೆಯ ಅಕ್ಷರ ಜೋಡಣೆ ಮಾಡುವವರಿಗೆ ಆ ಯಂತ್ರ ಎರಡು ದಿನ ನಿಂತರೆ ಎರಡು ದಿನದ ಸಂಪಾದನೆಯೇ ಇಲ್ಲ. ಇವರನ್ನು ಗಮನದಲ್ಲಿಟ್ಟುಕೊಂಡೇ ಲೆಕ್ಕ ಹಾಕಬೇಕು.

ಬೆಂಬಲ ನಿಂತರೆ ಆಗುವುದೇನು?

ಗಣಕಯಂತ್ರ ನಿಲ್ಲುವುದಿಲ್ಲ. ವಿಂಡೋಸ್ 10 ಎಂದಿನಂತೆ ತೆರೆದುಕೊಳ್ಳುತ್ತದೆ, ಮುದ್ರಕ ಮುದ್ರಿಸುತ್ತದೆ. ನಿಲ್ಲುವುದು ಸುರಕ್ಷತಾ ತೇಪೆಗಳು. ವ್ಯವಸ್ಥೆಯಲ್ಲಿ ಹೊಸದಾಗಿ ಪತ್ತೆಯಾಗುವ ದೋಷಗಳನ್ನು ಮುಚ್ಚುವ ಈ ತೇಪೆಗಳು ಬಾರದಿದ್ದರೆ, ದೋಷ ಎಲ್ಲರಿಗೂ ಗೊತ್ತಿದ್ದು ಬಾಗಿಲು ಮಾತ್ರ ತೆರೆದೇ ಇರುತ್ತದೆ.

ಇದರ ಪರಿಣಾಮವನ್ನು 2017ರ ಮೇ ತಿಂಗಳಲ್ಲಿ ಜಗತ್ತು ಕಂಡಿತು. ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ತೊಂದರೆಗೊಳಗಾದವು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆಯೇ, ಮಾರ್ಚ್‌ನಲ್ಲಿ, ತೇಪೆ ನೀಡಿತ್ತು. ಅದನ್ನು ಹಾಕಿಕೊಳ್ಳದವರೂ ಬೆಂಬಲ ಮುಗಿದಿದ್ದ ಹಳೆಯ ವ್ಯವಸ್ಥೆಗಳನ್ನು ಬಳಸುತ್ತಿದ್ದವರೂ ಅಪಾಯಕ್ಕೆ ತೆರೆದುಕೊಂಡಿದ್ದರು.

ಎರಡನೆಯ ಪರಿಣಾಮ ನಿಧಾನವಾದುದು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು; ಗೂಗಲ್ ಕ್ರೋಮ್ 2023ರ ಫೆಬ್ರವರಿಯಿಂದ ಹೊಸ ಆವೃತ್ತಿಗಳನ್ನು ಅದಕ್ಕೆ ಕೊಡುವುದನ್ನು ನಿಲ್ಲಿಸಿತು. ಕಾರ್ಯಾಚರಣ ವ್ಯವಸ್ಥೆ ಹಳತಾದ ಕೆಲ ವರ್ಷಗಳಲ್ಲಿ ಬ್ರೌಸರ್ ಹಳತಾಗುತ್ತದೆ. ಬ್ರೌಸರ್ ಹಳತಾದರೆ ಬ್ಯಾಂಕು ಮತ್ತು ಸರ್ಕಾರಿ ಜಾಲತಾಣಗಳು ಒಂದೊಂದಾಗಿ ಕೈಕೊಡುತ್ತವೆ.

ನಿಮ್ಮ ಯಂತ್ರ ಅರ್ಹವೇ?

ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಯಂತ್ರಾಂಶ: 64 ಬಿಟ್ ಸಂಸ್ಕಾರಕ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ, ಸೆಕ್ಯೂರ್ ಬೂಟ್ ಸೌಲಭ್ಯವುಳ್ಳ ಯುಇಎಫ್ಐ ಮತ್ತು ಟಿಪಿಎಂ 2.0 ಎಂಬ ಸುರಕ್ಷತಾ ಘಟಕ. ಸಂಸ್ಕಾರಕವು ಮೈಕ್ರೋಸಾಫ್ಟ್‌ನ ಅನುಮೋದಿತ ಪಟ್ಟಿಯಲ್ಲೂ ಇರಬೇಕು. ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಅದರ ನಂತರದ್ದು. ಇಂಟೆಲ್ ಐ3, ಐ5 ಎಂಬ ಹೆಸರಿನ ಮುಂದೆ 4130 ಎಂದಿದ್ದರೆ ನಾಲ್ಕನೇ ತಲೆಮಾರು, 7200 ಎಂದಿದ್ದರೆ ಏಳನೇ ತಲೆಮಾರು, ಎರಡೂ ಅನರ್ಹ. 8250 ಎಂದಿದ್ದರೆ ಎಂಟನೆಯದು, ಅರ್ಹ.

ಲೆಕ್ಕ ಹಾಕುವ ತೊಂದರೆ ಬೇಡವೆಂದರೆ ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ನೇರ ಉತ್ತರ ಕೊಡುತ್ತದೆ. ಟಿಪಿಎಂ ಇಲ್ಲವೆಂಬ ಉತ್ತರ ಬಂದರೆ ಕೂಡಲೇ ನಿರಾಶರಾಗಬೇಕಿಲ್ಲ. ಹಲವು ಯಂತ್ರಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಸಕ್ರಿಯಗೊಳಿಸಬಹುದು. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪೀಕರಣವಿದ್ದರೆ, ಬಯೋಸ್ ಮುಟ್ಟುವ ಮೊದಲು ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ಸಿಕ್ಕಿಹಾಕಿಕೊಂಡರೆ ಕಡತಗಳು ಮರಳಿ ದೊರೆಯುವುದಿಲ್ಲ.

ಕನಿಷ್ಠ 4 ಜಿಬಿ ಎಂಬುದು ಕಾಗದದ ಮೇಲಿನ ಮಾತು. ನೆಮ್ಮದಿಯ ಕೆಲಸಕ್ಕೆ 8 ಜಿಬಿ ರ‍್ಯಾಮ್ ಮತ್ತು ಎಸ್ಎಸ್‌ಡಿ ಇರಬೇಕು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಹಾಕಿಕೊಂಡವರು ಯಂತ್ರ ತೆವಳುತ್ತದೆಂದು ಗೊಣಗುವುದು ಸಹಜ. 32 ಬಿಟ್ ವಿಂಡೋಸ್ 10 ಬಳಸುತ್ತಿರುವವರಿಗೆ ಇನ್ನೊಂದು ತೊಡಕಿದೆ: ವಿಂಡೋಸ್ 11 ಕೇವಲ 64 ಬಿಟ್‌ನಲ್ಲಿ ಲಭ್ಯ. ಆದ್ದರಿಂದ ಇದ್ದದ್ದರ ಮೇಲೆಯೇ ಏರಿಸಲು ಆಗದು; ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಬೇಕು.

ಅನರ್ಹ ಯಂತ್ರದ ಮೇಲೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ಅಂಥ ಯಂತ್ರಗಳಿಗೆ ನವೀಕರಣಗಳ ಹಕ್ಕಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸುರಕ್ಷತೆಗಾಗಿ ಮಾಡುವ ಬದಲಾವಣೆಯಲ್ಲಿ ಸುರಕ್ಷತೆಯ ಖಾತರಿಯೇ ಇಲ್ಲದಿದ್ದರೆ ಶ್ರಮಪಟ್ಟು ಪ್ರಯೋಜನವೇನು?

ಕನ್ನಡ ಕಡತಗಳ ಗತಿ

ಆಂಗ್ಲ ಪತ್ರಿಕೆಗಳ ಸಲಹಾ ಲೇಖನಗಳಲ್ಲಿ ಕಾಣಸಿಗದ, ಕನ್ನಡಿಗರಿಗೆ ಮಾತ್ರ ಮುಖ್ಯವಾದ ಅಂಶವೊಂದಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿಯೊಂದಿಗೆ ಕನ್ನಡ ಬಂದರೂ, ನಮ್ಮ ಡಿಟಿಪಿ ಕೇಂದ್ರಗಳು ಮತ್ತು ಕಚೇರಿಗಳು ದೀರ್ಘಕಾಲ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಆಸ್ಕಿ ಅಕ್ಷರಶೈಲಿಗಳಲ್ಲೇ ಕೆಲಸ ಮಾಡಿದವು. ಇಂಥ ಕಡತದಲ್ಲಿ ಗಣಕ ಕಾಣುವುದು ರೋಮನ್ ಅಕ್ಷರಗಳನ್ನು ಮತ್ತು ಚಿಹ್ನೆಗಳನ್ನು; ಅದಕ್ಕೆ ಕನ್ನಡದ ವೇಷ ತೊಡಿಸುವುದು ಆ ನಿರ್ದಿಷ್ಟ ಅಕ್ಷರಶೈಲಿ ಮಾತ್ರ. ಅಕ್ಷರಶೈಲಿ ಹೋದರೆ ಕಡತ ಅರ್ಥವಾಗದ ಗೀಚಾಗುತ್ತದೆ.

ಇದ್ದ ವಿಂಡೋಸ್ 10ರ ಮೇಲೆಯೇ 11ನ್ನು ಏರಿಸಿದರೆ ಅಕ್ಷರಶೈಲಿಗಳು ಸಾಮಾನ್ಯವಾಗಿ ಉಳಿಯುತ್ತವೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದರೆ ಉಳಿಯುವುದಿಲ್ಲ. ದುರಸ್ತಿಗೆ ಕೊಟ್ಟ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ’ ಎಂಬ ಮಾತು ಬಂದಾಗ ಕನ್ನಡ ಬಳಕೆದಾರರು ಎಚ್ಚೆತ್ತುಕೊಳ್ಳಬೇಕು. ವಿಂಡೋಸ್‌ನ ಫಾಂಟ್ಸ್ ಕಡತಕೋಶದಲ್ಲಿರುವ ಕನ್ನಡ ಅಕ್ಷರಶೈಲಿಗಳನ್ನೆಲ್ಲ ಮೊದಲು ಪೆನ್ ಡ್ರೈವಿಗೆ ನಕಲಿಸಿಕೊಳ್ಳುವುದು ಕ್ಷೇಮ. ತುಂಗಾ ಅಕ್ಷರಶೈಲಿ ಸಹ ವಿಂಡೋಸ್ 10ರಿಂದ ಐಚ್ಛಿಕವಾಗಿದೆ. ಹೊಸ ಸ್ಥಾಪನೆಯಲ್ಲಿ ಅದು ಕಾಣದಿದ್ದರೆ ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ ವಿಭಾಗದಿಂದ ಕನ್ನಡದ ಪೂರಕ ಅಕ್ಷರಶೈಲಿಗಳನ್ನು ಸೇರಿಸಿಕೊಳ್ಳಬಹುದು.

ಪೇಜ್‌ಮೇಕರ್ ನೆಚ್ಚಿಕೊಂಡವರ ಕಷ್ಟ ಇನ್ನೂ ಹೆಚ್ಚಿನದು. ಅದರ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದು ಯೂನಿಕೋಡ್ ಅರಿಯದು. ವಿಂಡೋಸ್ 11ರಲ್ಲಿ ನಡೆಯುವ ಹೊಣೆಯನ್ನು ಯಾರೂ ಹೊತ್ತಿಲ್ಲ. ಇಂಥ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಿ, ಹಳೆಯ ವ್ಯವಸ್ಥೆಯಲ್ಲೇ ಅಕ್ಷರ ಜೋಡಣೆಗೆ ಮೀಸಲಿಟ್ಟು, ಬ್ಯಾಂಕು-ಅರ್ಜಿಗಳ ವ್ಯವಹಾರಕ್ಕೆ ಬೇರೆ ಯಂತ್ರ ಬಳಸುವುದು ಸದ್ಯದ ಪ್ರಾಯೋಗಿಕ ಮಾರ್ಗ.

ಶಾಶ್ವತ ಪರಿಹಾರವೆಂದರೆ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕಗಳಿವೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನಪಲ್ಲಟಗೊಳ್ಳುವುದುಂಟು. ಮುಖ್ಯ ದಾಖಲೆಗಳನ್ನು ಒಮ್ಮೆ ಓದಿ ತಿದ್ದಲೇಬೇಕು. ಹಳೆಯ ಯಂತ್ರ ಇನ್ನೂ ಸುಸ್ಥಿತಿಯಲ್ಲಿರುವಾಗಲೇ ಈ ಕೆಲಸ ಮುಗಿಸಿದರೆ ಮುಂದೆ ಯಾವ ಕಾರ್ಯಾಚರಣ ವ್ಯವಸ್ಥೆ ಬಂದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಉಚಿತದ ಬೆಲೆ

ಹಣ ಕೊಡಬೇಕಿಲ್ಲ ಎಂದಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಅನುಸ್ಥಾಪನೆಯ ಕಡತ ಐದು ಜಿಬಿಗೂ ಹೆಚ್ಚು. ದಿನಕ್ಕೆ ಒಂದೂವರೆ-ಎರಡು ಜಿಬಿ ಮಿತಿಯ ಮೊಬೈಲ್ ಸಂಪರ್ಕದಲ್ಲಿ ಅದನ್ನು ಇಳಿಸಿಕೊಳ್ಳಲಾಗದು. ಏರಿಕೆಯ ಪ್ರಕ್ರಿಯೆ ಕೆಲವು ಗಂಟೆ ಹಿಡಿಯಬಹುದು. ನಡುವೆ ವಿದ್ಯುತ್ ಹೋದರೆ ವ್ಯವಸ್ಥೆ ಅರ್ಧದಲ್ಲಿ ಕೆಡುವ ಅಪಾಯವಿದೆ. ಯುಪಿಎಸ್ ಇಲ್ಲದ ಮೇಜುಗಣಕದಲ್ಲಿ ಈ ಸಾಹಸ ಬೇಡ.

ಸಾಧನಗಳದ್ದು ಇನ್ನೊಂದು ಬಾಬತ್ತು. ಹಳೆಯ ಮುದ್ರಕ, ಸ್ಕ್ಯಾನರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇವುಗಳಿಗೆ ವಿಂಡೋಸ್ 11ಕ್ಕೆ ಹೊಂದುವ ಚಾಲಕ ತಂತ್ರಾಂಶ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬೇಕು. ಹೋಮ್ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸುವಾಗ ಅಂತರಜಾಲ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಖಾತೆಯೊಂದಿಗೆ ಬರುವ ಒನ್‌ಡ್ರೈವ್‌ನ ಉಚಿತ ಸ್ಥಳ 5 ಜಿಬಿ ಮಾತ್ರ. ಅದು ತುಂಬಿದೊಡನೆ ಹೆಚ್ಚಿನ ಸ್ಥಳ ಕೊಳ್ಳಿರೆಂಬ ಕರೆ ಆರಂಭವಾಗುತ್ತದೆ.

ಒಂದು ಸಮಾಧಾನವೂ ಇದೆ. ಏರಿಸಿದ ನಂತರ ಸರಿಬಾರದಿದ್ದರೆ ಹತ್ತು ದಿನಗಳೊಳಗೆ ಸೆಟ್ಟಿಂಗ್ಸ್‌ನ ‘ಗೋ ಬ್ಯಾಕ್’ ಮೂಲಕ ವಿಂಡೋಸ್ 10ಕ್ಕೆ ಮರಳಬಹುದು. ಆ ಹತ್ತು ದಿನಗಳಲ್ಲಿ ತಾನು ಬಳಸುವ ಪ್ರತಿಯೊಂದು ತಂತ್ರಾಂಶ ಮತ್ತು ಸಾಧನವನ್ನು ಪರೀಕ್ಷಿಸುವುದು ಜಾಣತನ.

ಅನರ್ಹ ಯಂತ್ರಕ್ಕೆ ದಾರಿ

ವಿಂಡೋಸ್ 10ರ 22ಎಚ್2 ಆವೃತ್ತಿ ಬಳಸುವ ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ವಿಸ್ತೃತ ಸುರಕ್ಷತಾ ನವೀಕರಣ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆಂದು ಪ್ರಕಟಿಸಿತು. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್ಸ್ ಹೊಂದಿಸಿಕೊಂಡರೆ ಅದು ಉಚಿತ. ಇಲ್ಲವೇ 30 ಡಾಲರ್ ತೆರಬೇಕು. ಸಂಸ್ಥೆಗಳಿಗೆ ಮೂರು ವರ್ಷದ ಅವಕಾಶವಿದ್ದು, ಮೊದಲ ವರ್ಷಕ್ಕೆ ಪ್ರತಿ ಯಂತ್ರಕ್ಕೆ 61 ಡಾಲರ್, ನಂತರ ಪ್ರತಿವರ್ಷ ಇಮ್ಮಡಿ. ಇದು ಕಾಲಾವಕಾಶ ಮಾತ್ರ, ಪರಿಹಾರವಲ್ಲ.

ಇನ್ನೊಂದು ದಾರಿ ಲಿನಕ್ಸ್. ಉಬುಂಟು 24.04, ಅದನ್ನೇ ಆಧರಿಸಿದ ಲಿನಕ್ಸ್ ಮಿಂಟ್ 22 ಎರಡಕ್ಕೂ 2029ರವರೆಗೆ ಉಚಿತ ಬೆಂಬಲವಿದೆ. ಯೂನಿಕೋಡ್ ಕನ್ನಡ ಅಲ್ಲಿ ಹೊಸತಲ್ಲ. ನುಡಿ ಬಳಸುವವರಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸ, ಲೋಹಿತ್, ಗುಬ್ಬಿ, ನವಿಲು ಅಕ್ಷರಶೈಲಿಗಳು ದೊರೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳು ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಪಾಠ ನಡೆಸುತ್ತಿರುವುದು, ಇದು ಕೇವಲ ತಂತ್ರಜ್ಞರ ಸೊತ್ತಲ್ಲ ಎಂಬುದಕ್ಕೆ ಸಾಕ್ಷಿ.

ಆದರೆ ಮಿತಿಯನ್ನೂ ಹೇಳಬೇಕು. ಟ್ಯಾಲಿ ವಿಂಡೋಸ್‌ಗಾಗಿ ಸಿದ್ಧವಾದದ್ದು. ಗಿರಣಿ ಅಥವಾ ಉಡುಪು ಘಟಕದ ಲೆಕ್ಕಪತ್ರ ಅದರಲ್ಲಿದ್ದರೆ ಲಿನಕ್ಸ್ ಒಗ್ಗದು. ಬೆರಳಚ್ಚು ಸಾಧನ ಬಳಸುವ ಸೇವಾ ಕೇಂದ್ರಗಳೂ ಚಾಲಕ ತಂತ್ರಾಂಶ ಖಚಿತವಾಗುವವರೆಗೆ ಕೈಹಾಕಬಾರದು. ಬ್ರೌಸರ್, ಪತ್ರ ಬರೆಯುವುದು, ಮಕ್ಕಳ ಓದು ಇಷ್ಟಕ್ಕೇ ಬಳಕೆಯಾಗುವ ಮನೆಯ ಯಂತ್ರಕ್ಕೆ ಲಿನಕ್ಸ್ ಧಾರಾಳವಾಗಿ ಸಾಕು.

ಒಟ್ಟು ನಿರ್ಣಯ

ಯಂತ್ರ ಅರ್ಹವಾಗಿದ್ದು 8 ಜಿಬಿ ರ‍್ಯಾಮ್, ಎಸ್ಎಸ್‌ಡಿ ಇದ್ದರೆ ವಿಂಡೋಸ್ 11 ಹಾಕಿಕೊಳ್ಳುವುದು ಲೇಸು, ತಡಮಾಡುವುದರಿಂದ ಲಾಭವಿಲ್ಲ. ಅರ್ಹವಾಗಿದ್ದೂ ನಿಧಾನವಾಗಿದ್ದರೆ ಮೊದಲು ಎಸ್ಎಸ್‌ಡಿ ಹಾಕಿಸಿ, ನಂತರ ಏರಿಸಬೇಕು. ಅನರ್ಹವಾಗಿದ್ದರೆ ಅಡ್ಡದಾರಿ ಬೇಡ. ವಿಸ್ತೃತ ನವೀಕರಣ ದೊರೆಯುವವರೆಗೆ ಪಡೆದು, ಅಷ್ಟರೊಳಗೆ ಲಿನಕ್ಸ್ ಅಥವಾ ಹೊಸ ಯಂತ್ರದ ತೀರ್ಮಾನ ಮಾಡಬೇಕು. ತೇಪೆಯಿಲ್ಲದ ಯಂತ್ರದಲ್ಲಿ ಬ್ಯಾಂಕು ವ್ಯವಹಾರ ಯಾವ ಕಾರಣಕ್ಕೂ ಸಲ್ಲದು.

ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ: ಕಡತಗಳನ್ನೂ ಅಕ್ಷರಶೈಲಿಗಳನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಆ ನಕಲು ಬೇರೊಂದು ಗಣಕದಲ್ಲಿ ತೆರೆಯುತ್ತದೆಯೇ ಎಂದು ನೋಡುವುದು. ಕಾರ್ಯಾಚರಣ ವ್ಯವಸ್ಥೆಯನ್ನು ಮತ್ತೊಮ್ಮೆ ಸ್ಥಾಪಿಸಬಹುದು. ಹದಿನೈದು ವರ್ಷ ಕುಳಿತು ಟೈಪಿಸಿದ್ದನ್ನು ಮತ್ತೊಮ್ಮೆ ಟೈಪಿಸುವವರು ಯಾರು?