ನೌಕರರ ಸ್ವಭಾವ ಮತ್ತು ಅವರು ಬಯಸುವ ನಾಯಕತ್ವ

ಒಬ್ಬರೇ ಮೇಲಧಿಕಾರಿಯನ್ನು ಒಬ್ಬ ನೌಕರ ‘ಶಿಸ್ತಿನ ಮನುಷ್ಯ’ ಎಂದು ಮೆಚ್ಚಿದರೆ, ಪಕ್ಕದ ಮೇಜಿನವರು ‘ಉಸಿರಾಡಲೂ ಬಿಡುವುದಿಲ್ಲ’ ಎಂದು ಬೇಸರಪಡುವುದು ಕಚೇರಿಗಳಲ್ಲಿ ಸಾಮಾನ್ಯ. ಈ ಭಿನ್ನಾಭಿಪ್ರಾಯಕ್ಕೆ ಅಧಿಕಾರಿಯ ನಡತೆಯಷ್ಟೇ ನೌಕರರ ಸ್ವಭಾವವೂ ಕಾರಣವೆಂಬುದು ಮನಶ್ಶಾಸ್ತ್ರಜ್ಞರ ಅಭಿಪ್ರಾಯ.

ಒಂದು ಹಳೆಯ ಪ್ರಯೋಗ

ಅಮೆರಿಕದ ಐಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಅವರು ಸುಮಾರು 10 ವರ್ಷದ ಬಾಲಕರ ಸಂಘಗಳಲ್ಲಿ ಮೂರು ಬಗೆಯ ನಾಯಕತ್ವವನ್ನು ಪರೀಕ್ಷಿಸಿ, 1939ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವು ಆಜ್ಞೆ ಮಾಡುವ, ಚರ್ಚಿಸಿ ನಿರ್ಧರಿಸುವ ಹಾಗೂ ಎಲ್ಲವನ್ನೂ ಅವರವರಿಗೇ ಬಿಟ್ಟುಬಿಡುವ ಶೈಲಿಗಳು. 20 ಬಾಲಕರಲ್ಲಿ 19 ಮಂದಿ ಆಜ್ಞೆ ಮಾಡುವ ನಾಯಕನಿಗಿಂತ ಚರ್ಚಿಸುವ ನಾಯಕನನ್ನೇ ಮೆಚ್ಚಿದರು. ಉಳಿದ ಒಬ್ಬನು ಸೇನಾಧಿಕಾರಿಯೊಬ್ಬರ ಮಗ. ಅವನಿಗೆ ಕಟ್ಟುನಿಟ್ಟೇ ಹಿತವಾಗಿತ್ತು. ಬೆಳೆದ ಮನೆ, ಮೈಗೂಡಿದ ಮೌಲ್ಯಗಳು ನಾಯಕನ ಆಯ್ಕೆಯನ್ನು ರೂಪಿಸುತ್ತವೆ ಎಂಬುದಕ್ಕೆ ಈ ಬಾಲಕನೇ ನಿದರ್ಶನ.

ಯಾರಿಗೆ ಯಾವ ಶೈಲಿ?

ರಾಬರ್ಟ್ ಹೌಸ್ ಅವರು 1971ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ನಾಯಕನ ಶೈಲಿ ಅನುಯಾಯಿಯ ಗುಣಕ್ಕೆ ಹೊಂದಬೇಕು. ತನ್ನ ಏಳುಬೀಳು ತನ್ನ ಪ್ರಯತ್ನದಿಂದಲೇ ಎಂದು ನಂಬುವವರು ತಮ್ಮನ್ನು ಕೇಳಿ ನಿರ್ಧರಿಸುವ ಅಧಿಕಾರಿಯ ಕೈಕೆಳಗೆ ಹೆಚ್ಚು ತೃಪ್ತರು. ಎಲ್ಲವೂ ಹಣೆಬರಹವೆನ್ನುವವರಿಗೆ ಸ್ಪಷ್ಟವಾದ ಆದೇಶವೇ ನೆಮ್ಮದಿ. ಏರ್‌ಹಾರ್ಟ್ ಮತ್ತು ಕ್ಲೈನ್ ಅವರು ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರ್ಧಾರಗಳಲ್ಲಿ ಪಾಲು ಬಯಸುವವರು ವರ್ಚಸ್ವಿ ನಾಯಕನತ್ತಲೂ, ಭದ್ರತೆಯನ್ನು ಬಯಸುವವರು ಕೆಲಸವನ್ನು ಅಚ್ಚುಕಟ್ಟಾಗಿ ಹಂಚಿಕೊಡುವ ನಾಯಕನತ್ತಲೂ ಒಲಿದರು.

ಭಾರತೀಯ ನೋಟ

ಪಾಟ್ನಾದ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ ಅವರು 1980ರ ತಮ್ಮ ಗ್ರಂಥದಲ್ಲಿ ‘ಪೋಷಕ ಕಾರ್ಯನಾಯಕ’ನ ಕಲ್ಪನೆಯನ್ನು ವಿವರಿಸಿದರು. ನಮ್ಮ ನೌಕರರಲ್ಲಿ ಹಿರಿಯರನ್ನು ಅವಲಂಬಿಸುವ, ಆತ್ಮೀಯ ಸಂಬಂಧವನ್ನು ಬಯಸುವ, ಶ್ರೇಣಿಯನ್ನು ಗೌರವಿಸುವ ಪ್ರವೃತ್ತಿಯನ್ನು ಅವರು ಗುರುತಿಸಿದರು. ಇಂಥವರಿಗೆ ಬರೀ ಪ್ರೀತಿ ಸಾಲದು, ಬರೀ ಗದರಿಕೆಯೂ ಸಲ್ಲದು. ಮನೆಯ ಹಿರಿಯರಂತೆ ಅಕ್ಕರೆ ತೋರಿ, ಆ ಅಕ್ಕರೆಯನ್ನು ಕೆಲಸದ ಮೂಲಕ ಗಳಿಸುವಂತೆ ಮಾಡುವ ನಾಯಕ ಬೇಕು. ನೌಕರ ಪಕ್ವನಾದಂತೆ ನಾಯಕನು ಹಿಂದೆ ಸರಿದು ನಿರ್ಧಾರದಲ್ಲಿ ಪಾಲು ಕೊಡಬೇಕೆಂಬುದು ಅವರ ವಾದದ ಮುಖ್ಯಾಂಶ.

ಬಳಕೆ ಮತ್ತು ಎಚ್ಚರ

ಬ್ಯಾಂಕ್ ಶಾಖೆಗಳಲ್ಲಿ ವ್ಯವಸ್ಥಾಪಕರು ಕೆಲವೇ ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ; ಸಿಬ್ಬಂದಿಯ ಸ್ವಭಾವ ಅಷ್ಟು ಬೇಗ ಬದಲಾಗುವುದಿಲ್ಲ. ಹಿಂದಿನವರು ‘ಸ್ವತಂತ್ರವಾಗಿ ಯೋಚಿಸುತ್ತಾರೆ’ ಎಂದು ಮೆಚ್ಚಿದ ಗುಮಾಸ್ತರನ್ನೇ ಹೊಸಬರು ‘ಮಾತು ಕೇಳುವುದಿಲ್ಲ’ ಎಂದು ವಾರ್ಷಿಕ ವರದಿಯಲ್ಲಿ ಬರೆದುಬಿಡಬಹುದು. ಅಂಥ ಒಂದು ವಾಕ್ಯ ಬಡ್ತಿಯನ್ನೇ ತಡೆಯಬಲ್ಲದು. ಆದ್ದರಿಂದ ದೋಷವೆಂದು ಬರೆಯುವ ಮೊದಲು, ಅದು ಕೇವಲ ಶೈಲಿಗಳ ಹೊಂದಾಣಿಕೆಯ ಕೊರತೆಯೇ ಎಂದು ವಿಚಾರಿಸುವುದು ನ್ಯಾಯ.

ಇವೆಲ್ಲವೂ ಒಲವುಗಳೇ ಹೊರತು ಕಟ್ಟಳೆಗಳಲ್ಲ. ಮೃದು ಸ್ವಭಾವದವರೂ ತುರ್ತು ಸಂದರ್ಭದಲ್ಲಿ ಖಡಾಖಂಡಿತ ಆದೇಶವನ್ನು ಬಯಸಬಹುದು. ಉದ್ಯೋಗಕ್ಕೆ ಸೇರುತ್ತಿರುವ ನಮ್ಮ ಮಕ್ಕಳು ಸಂಬಳದ ಜೊತೆಗೆ, ತಮಗೆ ಎಂಥ ಹಿರಿಯರ ಕೈಕೆಳಗೆ ಕೆಲಸ ಒಗ್ಗುತ್ತದೆ ಎಂಬುದನ್ನೂ ಅರಿತಿರುವುದು ಒಳಿತು.