ವಿದ್ಯುತ್ತು: ಯಾರ ನೆಲ, ಯಾರ ಮನೆ?

ಚೆನ್ನೈನಲ್ಲಿ ತಾಂಬರಂನಿಂದ ವೇಳಚ್ಚೇರಿಗೆ ಹೋಗುವ ರಸ್ತೆಯಲ್ಲಿ, ಪಳ್ಳಿಕರಣೈ ಜೌಗಿನ ಅಂಚಿಗೆ, ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯಿದೆ. 1998ರಲ್ಲಿ ಹುಟ್ಟಿದ್ದು. ದೇಶದ ಯಾವ ಗುಡ್ಡದಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂದು ಅಳೆದು ನಕ್ಷೆ ಮಾಡುವುದು ಇದರ ಕೆಲಸ. ಆ ಗುಡ್ಡದಲ್ಲಿ ಕುರಿ ಮೇಯಿಸುವವರು ಯಾರು, ಗಾಳಿಯಂತ್ರ ನಿಂತ ಮೇಲೆ ಅವರ ಪಾಡೇನು ಎಂದು ಕೇಳುವುದು ಬೇರೆಯದೇ ವಿದ್ಯೆ. ದಕ್ಷಿಣದಲ್ಲಿ ಅದಕ್ಕೆ ಹೆಚ್ಚುಕಡಿಮೆ ಐವತ್ತು ವರ್ಷ ವಯಸ್ಸು.

ಶುರು ಮಾಡಿದವರು ಸಮಾಜಶಾಸ್ತ್ರಜ್ಞರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅಮೂಲ್ಯ ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಅದರ ತಂಡ ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಸೌದೆ ಎಷ್ಟು, ಅದನ್ನು ತರುವವರು ಯಾರು, ನೀರಿಗೆ ಎಷ್ಟು ಹೊತ್ತು ಎಂದು ಬರೆದುಕೊಂಡಿತು. ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು. ಮನುಷ್ಯರ ದುಡಿಮೆಯಲ್ಲಿ ಗಂಡಸರಿಗಿಂತ ಹೆಂಗಸರು ಮಕ್ಕಳದೇ ಹೆಚ್ಚು. ಅಡುಗೆಮನೆ ನೋಡಿದವರಿಗೆ ಇದು ಹೊಸದಲ್ಲ. ಸರ್ಕಾರದ ವಿದ್ಯುತ್ ಯೋಜನೆಗಳಿಗೆ ಮಾತ್ರ ಹೊಸದಾಗಿತ್ತು.

ಅದೇ ಪುರದಲ್ಲಿ ಅಡುಗೆಗೆಂದು ಯೋಚಿಸಿದ್ದ ಗೋಬರ್ ಗ್ಯಾಸ್ ನಡೆಯಲಿಲ್ಲ, ಸಗಣಿ ಸಾಲಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದದ್ದು ನೀರು. 1987ರಿಂದ ಅದೇ ಗ್ಯಾಸು ಎಂಜಿನ್ ಓಡಿಸಿ ಬೋರಿನ ನೀರೆತ್ತಿತು, ದೀಪ ಹತ್ತಿಸಿತು. ಸಗಣಿ ಕೊಟ್ಟವರಿಗೆ ದುಡ್ಡೂ ಸಿಕ್ಕಿತು, ಸ್ಲರಿಯೂ ವಾಪಸಾಯಿತು. ಸಹಕರಿಸದಿದ್ದರೆ ತಮ್ಮ ಮನೆಯ ನೀರೂ ದೀಪವೂ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲಿ ಪುರದ ಕಥೆಗೆ ಮಿಗಿಲಾದದ್ದು ಇಲ್ಲ. ಯಂತ್ರದಷ್ಟೇ ಊರಿನ ಒಪ್ಪಂದವನ್ನೂ ಅದು ಗಮನಿಸಿತ್ತು.

ಇತ್ತ ಘಟ್ಟದಲ್ಲಿ ವಿದ್ವಾಂಸರಿಗಿಂತ ತೋಟದವರು ಮುಂದಿದ್ದರು. ಬೇಡ್ತಿ ಜಲವಿದ್ಯುತ್ ಯೋಜನೆಯಿಂದ ಮುಳುಗಲಿದ್ದ ಅಡಿಕೆ ತೋಟಗಳ ಲೆಕ್ಕ ತೆಗೆಯಲು ಶಿರಸಿಯ ತೋಟಗಾರ್ಸ್ ಸೊಸೈಟಿ 1981ರ ಜನವರಿಯಲ್ಲಿ ವಿಚಾರಸಂಕಿರಣವನ್ನೇ ಕರೆಯಿತು. ಲಾಭನಷ್ಟದ ಸರ್ಕಾರಿ ಪಟ್ಟಿ ಅಲ್ಲಿ ಬಿಚ್ಚಿಕೊಂಡಿತು. ಯೋಜನೆ ಬದಿಗೆ ಸರಿಯಿತು. ಇಂಥ ಪ್ರಶ್ನೆಗಳಿಗೇ ಮೀಸಲಾದ ‘ಎನರ್ಜಿ ರಿಸರ್ಚ್ ಅಂಡ್ ಸೋಶಿಯಲ್ ಸೈನ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆ ಶುರುವಾದದ್ದು 2014ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಅದೇ ಘಟ್ಟದ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂತು.

1987ರಲ್ಲಿ ಕರ್ನಾಟಕದ ಸಮಿತಿಯೊಂದು ಮುಂದಿನ ದಶಕಕ್ಕೆ ದೊಡ್ಡ ದೊಡ್ಡ ಸ್ಥಾವರಗಳು ಬೇಕೆಂದಾಗ ರೆಡ್ಡಿ ಬಳಗ ಪ್ರತಿಲೆಕ್ಕ ಮುಂದಿಟ್ಟಿತು. ಜನಕ್ಕೆ ಬೇಕಾದದ್ದು ಬೆಳಕು, ನೀರು, ಕೆಲಸ. ಅಲ್ಲಿಂದ ಎಣಿಸಿದರೆ ಸಮಿತಿ ಕೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕು ಎಂದಿತು. ಆ ಲೆಕ್ಕಕ್ಕೆ ವೋಟಿನ ಅಂಕಣ ಇರಲಿಲ್ಲ ಎಂಬುದು ನನ್ನ ತಕರಾರು. ಎಪ್ಪತ್ತರ ದಶಕದಲ್ಲೇ ತಮಿಳುನಾಡಿನ ರೈತರು ಕರೆಂಟ್ ದರದ ವಿರುದ್ಧ ಬೀದಿಗಿಳಿದಿದ್ದರು. 1990ರಲ್ಲಿ ಅಲ್ಲಿ ಎಲ್ಲ ಪಂಪ್‌ಸೆಟ್ಟಿಗೂ ಕರೆಂಟು ಉಚಿತವಾಯಿತು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗೆ ಉಚಿತವಾದದ್ದು 2008ರಲ್ಲಿ. ಮೀಟರಿಲ್ಲದ ಪಂಪ್‌ಸೆಟ್ಟಿನ ಖಾತೆಗೆ ಲೈನಿನ ಸೋರಿಕೆ, ಕಳ್ಳತನ ಎಲ್ಲವನ್ನೂ ಬರೆಯುವುದು ಸುಲಭ ಎಂದು ಪುಣೆಯ ‘ಪ್ರಯಾಸ್’ ಸಂಸ್ಥೆ ತೊಂಬತ್ತರ ದಶಕದಲ್ಲಿ ತೋರಿಸಿತು. ಚೆನ್ನೈನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಬಾವಿಗಳ ಕಡೆಯಿಂದ ನೋಡಿದರು: ಅಂತರ್ಜಲ ಇಳಿದಂತೆ ಬಾವಿ ಆಳ ಮಾಡುವ ಪೈಪೋಟಿಯಲ್ಲಿ ಸಣ್ಣ ರೈತ ಸಾಲಕ್ಕೆ ಬೀಳುತ್ತಾನೆ. ನೀರಿಲ್ಲದ ಬಾವಿಗೆ ಉಚಿತ ಕರೆಂಟು ಇದ್ದರೇನು!

ಈಗ ಚರ್ಚೆ ನೆಲಕ್ಕೆ ಬಂದಿದೆ. ಪಾವಗಡದ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಗೆ ಪಡೆದರು. ಬರದ ಸೀಮೆಯಲ್ಲಿ ಇದು ಸಣ್ಣ ಮೊತ್ತವಲ್ಲ, ರೈತನ ಒಡೆತನವೂ ಉಳಿಯಿತು. ಆದರೆ ಬಾಡಿಗೆ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದ ಹೆಂಗಸರು, ಬೀಳಿನಲ್ಲಿ ಕುರಿ ಬಿಡುತ್ತಿದ್ದವರು ಯಾವ ಕರಾರಿನಲ್ಲೂ ಇಲ್ಲ. ಅವರಿಂದ ಶುರುವಾಗುವ ಸಮೀಕ್ಷೆ ನಡೆಯಬೇಕು, ಪುರದಲ್ಲಿ ಮಾಡಿದ ಹಾಗೆ, ಮನೆಮನೆಗೆ ಹೋಗಿ.